ಐದು ನಿಮಿಷದ ಚದುರಂಗ, ಮೂವತ್ತೊಂದು ವರ್ಷದ ತುಟಿ

ಸ್ವಂತ ಮನೆಯ ಗೋಡೆಯಲ್ಲಿ ಒಂದು ಮೊಳೆಯಷ್ಟು ಜಾಗವೂ ತನ್ನದಲ್ಲ ಎಂಬ ಕೊರಗು ಗೌಡೆನ್ಸಿಯೊ ಪನಾಲಿಗನ್‌ನನ್ನು ಹಿಡಿದದ್ದು ಅವನಿಗೆ ಐವತ್ತೆಂಟು ತುಂಬಿದ ಮೇಲೆ. ಹೆಸರಿನ ತಲೆಯಲ್ಲೇ ಗೌಡ ಎಂದಿದ್ದರೂ ಮನೆಯ ಗೌಡಿಕೆ ಅವನದಾಗಿರಲಿಲ್ಲ. ಅದು ಹೆಂಡತಿ ಲುಜ್ವಿಮಿಂದಾಳದು. ಲುಝೋನ್, ವಿಸಾಯಸ್, ಮಿಂದನಾವ್ ಎಂದು ದೇಶದ ಮೂರೂ ಭಾಗಗಳನ್ನು ಒಟ್ಟಿಗೆ ಕಟ್ಟಿ ಅಪ್ಪ ಇಟ್ಟ ಹೆಸರು. ಮೂರನ್ನೂ ಒಟ್ಟಿಗೆ ಆಳಲು ಕೊಟ್ಟರೂ ಆಕೆ ಮಧ್ಯಾಹ್ನದ ಅಡುಗೆಗೆ ಮುಂಚೆ ಮುಗಿಸಿಬಿಡುವಳು. ಊರವರು ಮಿಂದಾ ಎನ್ನುತ್ತಾರೆ. ಆಕೆಯ ಎದುರು ನಿಂತು ವಾದಿಸಿದವರು ಬೆವರಿನಲ್ಲಿ ಮಿಂದೇ ಏಳಬೇಕು.

ಮಲಿನಾವ್ ಎಂಬ ಆ ಕಡಲತೀರದ ಬರಂಗಾಯ್‌ನಲ್ಲಿ (ಬರಂಗಾಯ್ ಎಂದರೆ ಹಳ್ಳಿ; ಮಲಿನಾವ್ ಎಂದರೆ ಅಲ್ಲಿಯ ಮಾತಿನಲ್ಲಿ ತಿಳಿಯಾದದ್ದು, ನಮ್ಮ ಕಿವಿಗೆ ಬೇರೇನೋ ಕೇಳಿಸಿದರೆ ಅದು ಆ ಊರಿನ ತಪ್ಪಲ್ಲ) ಮನೆಯ ಹಜಾರದ ಗೋಡೆ ಎಂದರೆ ಮನೆತನದ ಮಾನ. ಮಗಳು ಚೌಕದ ಟೋಪಿ ಹಾಕಿ ಪದವಿ ಹಿಡಿದ ಫೋಟೊ ಅಲ್ಲಿತ್ತು. ಮಗ ಒಂದನೇ ತರಗತಿಯಲ್ಲಿ ಗೆದ್ದ 'ಅತ್ಯಂತ ಶುಚಿಯಾದ ಬಾಲಕ' ರಿಬ್ಬನ್ ಗಾಜಿನ ಹಿಂದೆ ಭದ್ರವಾಗಿತ್ತು (ಅವನಿಗೀಗ ಇಪ್ಪತ್ತಾರು, ಸ್ನಾನ ಮಾಡಿಸಲು ಇಬ್ಬರು ಬೇಕು). ಮಿಂದಾ ಜುಂಬಾ ಕುಣಿತದಲ್ಲಿ ಗೆದ್ದ ನಾಲ್ಕು ಪದಕ, ಚರ್ಚಿನ ಗಾಯನ ಮಂಡಳಿಯಲ್ಲಿ ಇಪ್ಪತ್ತು ವರ್ಷ ಹಾಡಿದ್ದಕ್ಕೆ ಸನ್ಮಾನಪತ್ರ. ಅದರ ಪಕ್ಕದಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ, 'ಬ್ರೌನಿ ಪನಾಲಿಗನ್' ಎಂಬ ಹೆಸರಿಗೆ ಬಂದ ಇನ್ನೊಂದು ಪತ್ರ. ಬ್ರೌನಿ ಆ ಮನೆಯ ನಾಯಿ. ಪತ್ರ ಹುಚ್ಚುನಾಯಿ ರೋಗದ ಚುಚ್ಚುಮದ್ದಿನದು.

ಇಷ್ಟರ ನಡುವೆ ಗೌಡೆನ್ಸಿಯೊನ ಹೆಸರು ಎಲ್ಲಿಯೂ ಇರಲಿಲ್ಲ.

"ಮಮ್ಮಿ, ಇಪ್ಪತ್ತೊಂಬತ್ತು ವರ್ಷ ದೋಣಿ ಇಂಜಿನ್ ರಿಪೇರಿ ಮಾಡಿದೀನಿ. ಕಡೇ ದಿನ ಕಂಪನಿಯವರು ಒಂದು ಕಾಗದ ಕೊಟ್ಟಿದ್ರಲ್ಲ, ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕೋಣ್ವಾ?" ಎಂದು ಒಂದು ಭಾನುವಾರ ಅವನು ಮೆಲ್ಲಗೆ ಕೇಳಿದ. (ಮಕ್ಕಳಿಗೆ ಮಾತು ಕಲಿಸುವಾಗ ಶುರುವಾದ ಮಮ್ಮಿ, ಡ್ಯಾಡಿ ಗಂಡಹೆಂಡಿರ ಬಾಯಲ್ಲೂ ಹಾಗೇ ಉಳಿದುಬಿಟ್ಟಿತ್ತು.)

"ಯಾವುದು? 'ನಾಳೆಯಿಂದ ತಾವು ಬರಬೇಕಾಗಿಲ್ಲ' ಅಂತ ಕೊಟ್ರಲ್ಲ, ಅದಾ?"

"ಅದರಲ್ಲಿ 'ವಂದನೆಗಳೊಂದಿಗೆ' ಅಂತಾನೂ ಇದೆ."

"ಡ್ಯಾಡಿ, ಗೋಡೆ ಅನ್ನೋದು ಗೆದ್ದೋರಿಗೆ. ಏನಾದ್ರೂ ಗೆದ್ಕೊಂಡು ಬಾ, ಮೊಳೆ ನಾನೇ ಹೊಡೀತೀನಿ."

ಆ ಮಾತು ಗೌಡೆನ್ಸಿಯೊನ ಎದೆಗೆ ನೇರವಾಗಿ ಹೋಗಿ ನಾಟಿತು. ಗೆಲ್ಲಬೇಕು. ಏನನ್ನಾದರೂ ಸರಿ, ಗೆಲ್ಲಲೇಬೇಕು. ಆದರೆ ಏನನ್ನು? ಜುಂಬಾ ಕುಣಿಯಲು ಅವನ ಸೊಂಟ ಒಪ್ಪುವಂತಿರಲಿಲ್ಲ. ಹಾಡಿದರೆ ಬ್ರೌನಿ ಊಳಿಡುತ್ತಿತ್ತು. ಹೀಗೆ ದಾರಿ ಕಾಣದೆ ತಲೆ ಕೆರೆದುಕೊಳ್ಳುತ್ತಾ ಕ್ಷೌರಕ್ಕೆ ಹೋದವನಿಗೆ ಕಾಸ್ತೊರ್‌ನ ಅಂಗಡಿಯ ಕನ್ನಡಿಯ ಮೇಲೆ ಒಂದು ಚೀಟಿ ಕಾಣಿಸಿತು.

'ಚದುರಂಗ ಪಂದ್ಯ. ಒಬ್ಬೊಬ್ಬರಿಗೆ ಐದೇ ನಿಮಿಷ. ಹೊಸದಾಗಿ ಕಲಿತವರಿಗೆ ಮಾತ್ರ. ಬನ್ನಿ, ಆಡಿ, ನಗಿ, ತಿನ್ನಿ. ಯಾರೂ ತಲೆಗೆ ಹಚ್ಚಿಕೊಳ್ಳಬೇಡಿ. ಮೊದಲ ಬಹುಮಾನ ಕಪ್, ಎರಡನೆಯದಕ್ಕೆ ಪ್ರಮಾಣಪತ್ರ.'

"ಕುಯಾ ಕಾಸ್ತೊರ್, ಈ ಪ್ರಮಾಣಪತ್ರದ ಮೇಲೆ ಹೆಸರು ಬರೀತೀರಾ?" ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡೇ ಕೇಳಿದ (ಕುಯಾ ಎಂದರೆ ಅಲ್ಲಿ ಅಣ್ಣ).

"ಬರೀದೆ? ನಂದೇ ಕೈಬರಹ. ಗೋಲ್ಡ್ ಬಾರ್ಡರ್ ಇರೋ ದಪ್ಪ ಕಾಗದ ತರಿಸಿದೀನಿ."

"ಪೂರ್ತಿ ಹೆಸರು?"

"ತಲೆ ಅಲ್ಲಾಡಿಸ್ಬೇಡ ಮಾರಾಯ, ಕಿವಿ ಹೋಗುತ್ತೆ."

ಇನ್ನು ಆರು ವಾರ ಇತ್ತು. ಗೌಡೆನ್ಸಿಯೊಗೆ ಆವರೆಗೆ ಚದುರಂಗದ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅದರಲ್ಲಿ ಕುದುರೆ ಇರುತ್ತದೆ. ಅಂದಿನಿಂದ ಅವನು ತೊಟ್ಟ ಪಣ ಸಾಮಾನ್ಯದ್ದಲ್ಲ. ಊಟದ ಮೇಜಿನ ಮೇಲೆ ಹಲಗೆ ಹರಡಿ, ಬಲಗೈಯಿಂದ ಬಿಳಿ, ಎಡಗೈಯಿಂದ ಕಪ್ಪು ಆಡಿ, ತನ್ನನ್ನು ತಾನೇ ಸೋಲಿಸಿಕೊಂಡು, ಗೆದ್ದ ಕೈಯಿಂದ ಸೋತ ಕೈಯನ್ನು ಕುಲುಕುತ್ತಿದ್ದ. ಅನ್ನದ ಪಾತ್ರೆ ಇಡಲು ಬಂದ ಮಿಂದಾಗೆ ಜಾಗ ಸಿಗುತ್ತಿರಲಿಲ್ಲ.

"ಇಗೋ, ಬಿಷಪ್‌ನ ಹೊಡೆದೆ!" ಎಂದು ಒಂದು ದಿನ ಮೇಜು ಗುದ್ದಿದ.

ಮಿಂದಾ ಸೌಟು ಹಿಡಿದ ಕೈಯಿಂದಲೇ ಶಿಲುಬೆಯ ಗುರುತು ಮಾಡಿಕೊಂಡಳು. "ಏನಂದೆ? ಬಿಷಪ್ ಸ್ವಾಮಿಗಳನ್ನ ಹೊಡೆದ್ಯಾ?"

"ಆಟದಲ್ಲಿ ಮಮ್ಮಿ. ಇವರು ಓರೆಓರೆಯಾಗಿ ನಡೀತಾ ಇದ್ರು, ಅದಕ್ಕೆ..."

"ಬಿಷಪ್ ಓರೆಯಾಗಿ ನಡೀತಾರಾ! ಪಾದ್ರಿಗಳ ಕಿವಿಗೆ ಬಿದ್ರೆ ಗಾಯನ ಮಂಡಳಿಯಿಂದ ನನ್ನನ್ನ ಆಚೆ ಹಾಕ್ತಾರೆ. ನನ್ನ ಮನೇಲಿ ಬಿಷಪ್ ಸೀದಾ ನಡೀಬೇಕು, ಅವರನ್ನ ಯಾರೂ ಮುಟ್ಟಕೂಡದು."

ಹೀಗಾಗಿ ಆ ಮನೆಯಲ್ಲಿ ಆರು ವಾರ ಎರಡೂ ಕಡೆಯ ಬಿಷಪ್ಪುಗಳು ಸುರಕ್ಷಿತವಾಗಿದ್ದರು. ಆಟ ಕಲಿಯುವವನಿಗೆ ಇದರಿಂದ ಎಷ್ಟು ತೊಡಕಾಯಿತೋ ಗೌಡೆನ್ಸಿಯೊಗೇ ಗೊತ್ತು. ಆದರೂ ಅವನು ಪಟ್ಟು ಬಿಡಲಿಲ್ಲ. ಗೋಡೆಯಲ್ಲಿ ಬ್ರೌನಿಯ ಪತ್ರದ ಬಲಕ್ಕೆ ಒಂದೂವರೆ ಅಡಿ ಖಾಲಿ ಜಾಗ ಹುಡುಕಿ, ಅಳೆದು, ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆಯನ್ನೂ ಇಟ್ಟುಬಿಟ್ಟಿದ್ದ.

ಪಂದ್ಯ ಶನಿವಾರ ಮಧ್ಯಾಹ್ನ, ಬರಂಗಾಯ್‌ನ ತಗಡಿನ ಮಾಡಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಆಡುವವರು ಎಂಟು ಜನ, ನೋಡುವವರು ನಲವತ್ತು, ತಿನ್ನುವವರು ಎಲ್ಲರೂ. ಪನ್ಸಿತ್ ಎಂಬ ಶ್ಯಾವಿಗೆಯ ತಿನಿಸು ಮಾಡಿಕೊಡಲು ಕಾಸ್ತೊರ್ ಮಿಂದಾಳನ್ನೇ ಕೇಳಿಕೊಂಡಿದ್ದ. ಆಕೆಯ ಪನ್ಸಿತ್ ಎಂದರೆ ಆ ಊರಿನಲ್ಲಿ ಹೆಣ ಕೂಡ ಎದ್ದು ಒಂದು ತಟ್ಟೆ ಹಾಕಿಸಿಕೊಳ್ಳುತ್ತದೆ. ಆಟದ ಮೇಜುಗಳ ಹಿಂದೆಯೇ ಶ್ಯಾವಿಗೆಯ ಬೋಗುಣಿಗಳ ನಡುವೆ ನಿಂತು ಆಕೆ ಯುದ್ಧಭೂಮಿಯ ಸೇನಾಪತಿಯಂತೆ ಅಪ್ಪಣೆ ಕೊಡುತ್ತಿದ್ದಳು.

ಅಪ್ಪಣೆ ಕೊಡುತ್ತಿದ್ದದ್ದು ತುಟಿಯಿಂದ. ಆ ಊರಿನಲ್ಲಿ ಯಾರೂ ಬೆರಳು ತೋರಿಸಿ ಮಾತಾಡುವುದಿಲ್ಲ. ಎರಡು ಕೈಗೂ ಕೆಲಸ ಇರುವಾಗ ದಿಕ್ಕು ತೋರಿಸಲೆಂದೇ ದೇವರು ತುಟಿ ಕೊಟ್ಟಿದ್ದಾನೆ ಎಂಬುದು ಅಲ್ಲಿಯವರ ನಂಬಿಕೆ. ತುಟಿಗಳನ್ನು ಮುಂದೆ ಚಾಚಿ ಅತ್ತ ಒಮ್ಮೆ ಮೊನೆ ಮಾಡಿದರೆ 'ಅಲ್ಲಿ', ಇತ್ತ ಮಾಡಿದರೆ 'ಇಲ್ಲಿ'. ಮಿಂದಾ ತುಟಿಯಿಂದಲೇ ಉಪ್ಪಿನ ಡಬ್ಬಿ, ಕಳೆದುಹೋದ ಚಪ್ಪಲಿ, ಸಾಲ ಕೇಳಲು ಬಂದವನು ಹೋಗಬೇಕಾದ ದಾರಿ ಎಲ್ಲವನ್ನೂ ತೋರಿಸುವಳು. ಮೂವತ್ತೊಂದು ವರ್ಷದಿಂದ ಆ ತುಟಿ ತೋರಿಸಿದ ಕಡೆ ಗೌಡೆನ್ಸಿಯೊನ ಕೈ ತಾನಾಗಿ ಹೋಗುತ್ತಿತ್ತು. ನಡುವೆ ತಲೆಯನ್ನು ಕೇಳುವ ಪದ್ಧತಿ ಇರಲಿಲ್ಲ.

ಕಾಸ್ತೊರ್ ನಿಯಮ ಓದಿದ. "ನೋಡ್ರಪ್ಪಾ, ಒಂದೇ ಮಾತು. ಒಂದು ನಡೆ ನಡೆಸಿದ ತಕ್ಷಣ ಗಡಿಯಾರದ ಗುಂಡಿ ಒತ್ತಬೇಕು. ಒತ್ತಲಿಲ್ಲ ಅಂದ್ರೆ ನಿಮ್ಮ ಐದು ನಿಮಿಷಾನೇ ಕರಗ್ತಾ ಇರುತ್ತೆ. ಇನ್ನು ನೋಡೋರು, ಬಾಯಿ ಬಿಡಬೇಡಿ. ಯಾರಾದ್ರೂ ಬಾಯಿಬಿಟ್ಟು ಹೇಳಿಕೊಟ್ರೆ, ಹೇಳಿಸಿಕೊಂಡೋನು ಸೋತ ಹಾಗೆ."

ಮೊದಲ ಆಟ ಒಣಮೀನು ಮಾರುವ ಆಲಿಂಗ್ ಬಾಸ್ಯಾಳ ಜೊತೆ (ಅಲ್ಲಿ ಹಿರಿಯ ಹೆಂಗಸರಿಗೆ ಆಲಿಂಗ್, ಗಂಡಸರಿಗೆ ಮಾಂಗ್ ಎನ್ನುವುದು ಮರ್ಯಾದೆ). ಆರು ವಾರ ಕಲಿತದ್ದೆಲ್ಲ ಮೂರನೇ ನಡೆಗೇ ಗೌಡೆನ್ಸಿಯೊನ ತಲೆಯಿಂದ ಹಾರಿಹೋಯಿತು. ಕೈ ಹಲಗೆಯ ಮೇಲೆ ಗಾಳಿಯಲ್ಲೇ ನಿಂತಿತು. ಕುದುರೆಯೋ ಆನೆಯೋ? ಎಡಕ್ಕೋ ಬಲಕ್ಕೋ? ದಿಕ್ಕು ತೋಚದೆ ತಲೆ ಎತ್ತಿದಾಗ, ಬಾಸ್ಯಾಳ ಹೆಗಲಿನ ಆಚೆ ಮಿಂದಾ ಕಾಣಿಸಿದಳು. ಆಕೆಯ ತುಟಿ ಮೊನೆಯಾಗಿ ಎಡಕ್ಕೆ ಚಾಚಿತ್ತು. ಒಮ್ಮೆಯಲ್ಲ, ಎರಡು ಸಲ. ಬೇಗ, ಬೇಗ ಎಂಬಂತೆ.

ಕೈ ಎಡಗಡೆಯ ಕುದುರೆಯನ್ನು ಹಿಡಿದು ಕುಪ್ಪಳಿಸಿತು. ಕುದುರೆ ಹೋಗಿ ನಿಂತ ಜಾಗ ನೋಡಿ ಬಾಸ್ಯಾ "ಅಯ್ಯೋ ದೇವರೇ" ಎಂದಳು. ಒಂದೇ ಕುದುರೆ ಒಮ್ಮೆಗೇ ರಾಜನಿಗೂ ಗುರಿ, ರಾಣಿಗೂ ಗುರಿ. ರಾಣಿ ಹೋಯಿತು, ಬಾಸ್ಯಾಳ ಧೈರ್ಯವೂ ಹೋಯಿತು, ಇನ್ನು ನಾಲ್ಕು ನಡೆಗೆ ಆಟವೇ ಹೋಯಿತು.

ಗೌಡೆನ್ಸಿಯೊ ಬೆರಗಾದ. ಮಿಂದಾಗೆ ಚದುರಂಗ ಬರುತ್ತದೆಯೆ? ಎರಡನೇ ಆಟದಲ್ಲಿ ಆ ಅನುಮಾನವೂ ಉಳಿಯಲಿಲ್ಲ. ಎದುರಿಗಿದ್ದವಳು ನರ್ಸಿಂಗ್ ಓದುವ ಜೊವೆಲಿನ್, ಫೋನಿನಲ್ಲಿ ಆಡಿ ಪಳಗಿದ ಹುಡುಗಿ, ಬೆರಳು ಮಿಂಚಿನಂತೆ ಓಡುತ್ತಿತ್ತು. ಗೌಡೆನ್ಸಿಯೊ ಉಸಿರುಕಟ್ಟಿ ಮತ್ತೆ ಹೆಂಡತಿಯ ಕಡೆ ನೋಡಿದ. ತುಟಿ ಈ ಸಲ ನೇರ ಮುಂದಕ್ಕೆ, ಕೆಳಕ್ಕೆ! ಮುಂದೆ ಎಂದರೆ ಪದಾತಿ. ಪದಾತಿಯನ್ನು ತಳ್ಳಿದ. ಮತ್ತೆ ನೋಡಿದ, ಮತ್ತೆ ಅದೇ ತುಟಿ, ಹುಬ್ಬು ಬೇರೆ ಗಂಟಿಕ್ಕಿತ್ತು. ಮತ್ತೆ ತಳ್ಳಿದ. ಐದು ಸಲ ತುಟಿ, ಐದು ಸಲ ಪದಾತಿ. ಕೊನೆಯ ಮನೆ ತಲುಪಿದ ಪದಾತಿ ರಾಣಿಯಾಗಿ ಎದ್ದು ಕುಳಿತಿತು. ಜೊವೆಲಿನ್ ನಕ್ಕು ಕೈ ಕುಲುಕಿ, "ಅಂಕಲ್, ನೀವು ಹೊಸಬರು ಅಂತ ಯಾರು ಹೇಳಿದ್ದು?" ಎಂದಳು.

ಗೌಡೆನ್ಸಿಯೊನ ಕಣ್ಣು ಮಂಜಾಯಿತು. ತಾನು ರಾತ್ರಿಹಗಲು ಹಲಗೆಯ ಮುಂದೆ ಒದ್ದಾಡುವುದನ್ನು ಕಂಡು ಈ ಹೆಂಗಸು ಒಳಗೊಳಗೇ ಮರುಗಿದ್ದಾಳೆ. ಬಯ್ಯುತ್ತಲೇ ಕದ್ದು ಕಲಿತಿದ್ದಾಳೆ. ಬಿಷಪ್ಪಿನ ಜಗಳವೆಲ್ಲ ನಾಟಕ! ಮೂವತ್ತೊಂದು ವರ್ಷದಲ್ಲಿ ತಾನು ಆಕೆಯನ್ನು ಎಷ್ಟು ತಪ್ಪು ತಿಳಿದೆ ಎಂದು ಪೇಚಾಡಿಕೊಂಡ. ಎದ್ದು ಹೋಗಿ ಬೋಗುಣಿಗಳ ಸಾಲಿನ ಮುಂದೆ ನಿಂತ.

"ಮಮ್ಮಿ, ಯಾವಾಗ ಕಲಿತೆ?"

"ಏನನ್ನ?"

"ಚೆಸ್! ಎಡಕ್ಕೆ ಕುದುರೆ ಅಂತ ತೋರಿಸಿದ್ಯಲ್ಲ. ಆಮೇಲೆ ಪದಾತಿ ತಳ್ಳು ತಳ್ಳು ಅಂದ್ಯಲ್ಲ."

"ಯಾವ ಕುದುರೆ ಡ್ಯಾಡಿ? ಬಡಿಸೋಕೆ ಬಂದಿರೋ ನೆನೆಂಗ್‌ಗೆ ನಿಂಬೆಹಣ್ಣಿನ ತಟ್ಟೆ ಆ ಕಡೆ ಇಡು ಅಂದೆ. ಆಮೇಲೆ ನಿನ್ನ ಮೇಜಿನ ಕೆಳಗೆ ಬ್ರೌನಿ ಬಂದು ಯಾರದೋ ಚಪ್ಪಲಿ ಕಡೀತಾ ಇತ್ತು, ಓಡಿಸು ಓಡಿಸು ಅಂತ ಐದು ಸಲ ಹೇಳಿದೀನಿ. ನೀನು ಗೊಂಬೆ ತಳ್ಳುತ್ತಾ ಕೂತಿದ್ದೆ!"

ಇದನ್ನು ಮಿಂದಾ ಗಾಯನ ಮಂಡಳಿಯ ಕಂಠದಲ್ಲಿ ಹೇಳಿದ್ದರಿಂದ ಅಂಗಳದ ಆ ತುದಿಯವರೆಗೂ ಕೇಳಿಸಿತು. ನಲವತ್ತು ಜನರ ನಗು ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಬಾಸ್ಯಾ ಹೊಟ್ಟೆ ಹಿಡಿದುಕೊಂಡು ಕೆಳಗೇ ಕುಳಿತಳು. "ನಾನು ಸೋತಿದ್ದು ನಿಂಬೆಹಣ್ಣಿಗಾ?" ಎಂದು ಅವಳು ಕೇಳಿದರೆ, ಜೊವೆಲಿನ್ "ನಾನು ನಾಯಿಗೆ ಸೋತೆ" ಎಂದಳು.

"ಕಾಸ್ತೊರ್, ಇದು ನಡೆಯುತ್ತಾ?" ಎಂದು ಯಾರೋ ಕೂಗಿದರು.

ಕಾಸ್ತೊರ್ ಗಡ್ಡ ಕೆರೆದುಕೊಂಡ (ಊರಿನ ಗಡ್ಡವನ್ನೆಲ್ಲ ತೆಗೆಯುವವನಿಗೆ ತನ್ನದು ತೆಗೆಯಲು ಪುರುಸೊತ್ತಿಲ್ಲ). "ಬಾಯಿ ಬಿಟ್ಟಿಲ್ಲ, ತುಟಿ ಚಾಚಿದಾರೆ. ಅದೂ ನಿಂಬೆಹಣ್ಣಿಗೆ. ನಿಯಮದಲ್ಲಿ ನಿಂಬೆಹಣ್ಣಿನ ಮಾತಿಲ್ಲ. ಫೈನಲ್ ಆಡಲಿ."

ಗೌಡೆನ್ಸಿಯೊನ ಕಿವಿ ಕೆಂಪಾಗಿತ್ತು. ಹೃದಯದಲ್ಲಿ ಒಂದು ಗಳಿಗೆ ಅರಳಿದ್ದ ಪ್ರೀತಿಯ ಹೂವಿನ ಗತಿ ಏನಾಯಿತೆಂದು ಹೇಳುವುದೇ ಬೇಡ. ಆದರೆ ಅವಮಾನಕ್ಕಿಂತ ಹೆಚ್ಚಾಗಿ ಅವನಲ್ಲಿ ಎದ್ದದ್ದು ಹಟ. "ಕೇಳಿ ಎಲ್ಲರೂ! ಈ ಆಟ ನನ್ನ ತಲೆಯಿಂದಲೇ ಆಡ್ತೀನಿ. ಇವಳ ಮುಖಾನೂ ನೋಡಲ್ಲ!"

"ಮೂವತ್ತೊಂದು ವರ್ಷದಲ್ಲಿ ಯಾವತ್ತು ನೋಡಿದ್ದೆ?" ಎಂದಳು ಮಿಂದಾ.

ಫೈನಲ್ಲಿನ ಎದುರಾಳಿ ಮಾಂಗ್ ಸೆವೆರೊ. ಮೂವತ್ತು ವರ್ಷ ಶವದ ಗಾಡಿ ಓಡಿಸಿ ನಿವೃತ್ತರಾದವರು. ಅವರ ಗಾಡಿ ಹತ್ತಿದ ಯಾರೊಬ್ಬರೂ ಇದುವರೆಗೆ 'ಸ್ವಲ್ಪ ಬೇಗ' ಎಂದದ್ದಿಲ್ಲವಾದ್ದರಿಂದ ಅವಸರ ಎಂಬುದು ಅವರ ಅಭ್ಯಾಸದಲ್ಲೇ ಇರಲಿಲ್ಲ. ಹಿಂದಿನ ಎರಡು ಆಟಗಳಲ್ಲಿ ಎದುರಾಳಿಗಳು ಆ ನಿಶ್ಚಲ ಮುಖವನ್ನು ನೋಡಿ ನೋಡಿ ಜೀವನದ ನಶ್ವರತೆ ನೆನಪಾಗಿ ತಾವಾಗಿಯೇ ಸೋತಿದ್ದರು.

ಗೌಡೆನ್ಸಿಯೊ ಕಣ್ಣನ್ನು ಹಲಗೆಗೆ ನೆಟ್ಟ. ಹಲ್ಲು ಕಚ್ಚಿದ. ಆರು ವಾರದ ಅಭ್ಯಾಸ ಈಗ ಒಂದೊಂದಾಗಿ ತಲೆಗೆ ಮರಳಿತು. ಕುದುರೆ ಹೊರಟಿತು, ಆನೆ ಹೊರಟಿತು. ಧರ್ಮಕ್ಕೆ ವಿರುದ್ಧವಾದರೂ ಒಬ್ಬ ಬಿಷಪ್ಪನ್ನು ಹೊಡೆದ. ಬೋಗುಣಿಗಳ ಕಡೆಯಿಂದ ಸೌಟು ಬೀಳುವ ಸದ್ದಾಯಿತು, ತಲೆ ಎತ್ತಿ ನೋಡಲಿಲ್ಲ. ಗಡಿಯಾರದಲ್ಲಿ ಅವನಿಗೆ ಉಳಿದದ್ದು ಐವತ್ತು ಸೆಕೆಂಡು, ಸೆವೆರೊ ಅವರಿಗೆ ಬರೀ ಒಂಬತ್ತು.

ಆಗ ಅವನಿಗೆ ಕಾಣಿಸಿತು. ಜನ್ಮದಲ್ಲಿ ಮೊದಲ ಸಲ, ಯಾರೂ ತೋರಿಸದೆ, ತಾನೇ ತಾನಾಗಿ ಕಾಣಿಸಿತು! ರಾಣಿಯನ್ನು ತಂದು ಅಲ್ಲಿ ನಿಲ್ಲಿಸಿದರೆ ಮುಂದಿನ ನಡೆಗೆ ಚೆಕ್‌ಮೇಟ್. ಸೆವೆರೊ ಎತ್ತ ಓಡಿದರೂ, ಏನನ್ನು ಅಡ್ಡ ತಂದರೂ ಚೆಕ್‌ಮೇಟ್. ಮೈಯೆಲ್ಲ ಜುಮ್ಮೆಂದಿತು. ರಾಣಿಯನ್ನು ಎತ್ತಿ, ಸದ್ದಾಗುವಂತೆ ಇಟ್ಟು, ಎರಡೂ ಕೈ ಎದೆಗೆ ಕಟ್ಟಿ, ಕುರ್ಚಿಗೆ ಒರಗಿ ಕುಳಿತ.

ಗಡಿಯಾರದ ಗುಂಡಿಯನ್ನು ಒತ್ತಲಿಲ್ಲ.

ಸೆವೆರೊ ಹಲಗೆ ನೋಡಿದರು. ಗಡಿಯಾರ ನೋಡಿದರು. ಗೌಡೆನ್ಸಿಯೊನನ್ನು ನೋಡಿದರು. ಆಮೇಲೆ ಕೆನ್ನೆಗೆ ಕೈ ಕೊಟ್ಟು ಘನವಾದ ಆಲೋಚನೆಯಲ್ಲಿ ಮುಳುಗಿದರು. ಕಾಯುವುದು ಅವರಿಗೆ ಹೊಸದಲ್ಲ.

ನಲವತ್ತು ಸೆಕೆಂಡು. ನೋಡಬಾರದು ನೋಡಬಾರದು ಎಂದುಕೊಂಡರೂ ಗೌಡೆನ್ಸಿಯೊನ ಕಣ್ಣಂಚಿಗೆ ಮಿಂದಾ ಬಿದ್ದಳು. ತುಟಿ ಬಲಕ್ಕೆ! ಕತ್ತು ಉದ್ದ ಮಾಡಿ, ಕಣ್ಣು ಹೊರಬರುವಂತೆ ಬಲಕ್ಕೆ, ಬಲಕ್ಕೆ, ಬಲಕ್ಕೆ ಚಾಚುತ್ತಿದ್ದಳು. ಬಲಗಡೆ ಗಡಿಯಾರ ಇತ್ತು. ಮಿಂದಾಗೆ ಕುದುರೆ ಕತ್ತೆಯ ವ್ಯತ್ಯಾಸ ಗೊತ್ತಿಲ್ಲದಿರಬಹುದು, ಆದರೆ ಯಾರ ಸಮಯ ಹಾಳಾಗುತ್ತಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

'ಬಲಗಡೆ ಆನೆ ಇದೆ,' ಅಂದುಕೊಂಡ ಗೌಡೆನ್ಸಿಯೊ. 'ಈಗ ಆನೆ ನಡೆಸಬೇಕಂತೆ. ಇಲ್ಲಾ, ಇನ್ನೊಂದು ನಿಂಬೆಹಣ್ಣಿನ ತಟ್ಟೆ. ಇಲ್ಲ ಮಮ್ಮಿ, ಇವತ್ತು ನಾನು ನೋಡಲ್ಲ.' ಮುಖವನ್ನು ಎಡಕ್ಕೆ ತಿರುಗಿಸಿದ.

ಎಡಕ್ಕೆ ಜೊವೆಲಿನ್ ನಿಂತಿದ್ದಳು. ಅವಳ ತುಟಿಯೂ ಚಾಚಿತ್ತು. ಅವಳ ಪಕ್ಕದಲ್ಲಿ ಬಾಸ್ಯಾ, ಪನ್ಸಿತ್ ತುಂಬಿದ ಬಾಯಿಯಲ್ಲೇ. ಅದರಾಚೆ ಪಾದ್ರಿಗಳು. ಬಾಯಿ ಬಿಟ್ಟರೆ ಅವನು ಸೋತ ಹಾಗೆ ಎಂಬ ನಿಯಮಕ್ಕೆ ಹೆದರಿ ಯಾರೊಬ್ಬರೂ ತುಟಿ ಎರಡು ಮಾಡದೆ, ಇಡೀ ಮಲಿನಾವ್ ಒಟ್ಟಿಗೆ ಆ ಗಡಿಯಾರದ ಕಡೆ ತುಟಿ ಚಾಚಿ ನಿಂತಿತ್ತು.

'ಎಲ್ಲರೂ ಅವಳ ಕಡೆ ಸೇರಿಬಿಟ್ಟರು!' ಎಂದು ಗೌಡೆನ್ಸಿಯೊ ತೀರ್ಮಾನಿಸಿದ. 'ನನ್ನ ಸ್ವಂತ ತಲೆಯಿಂದ ಆಡಿದ್ದು ಇವರಿಗೆ ಸಹಿಸುತ್ತಿಲ್ಲ.' ಅವನು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಎರಡೂ ಕಣ್ಣು ಮುಚ್ಚಿಕೊಂಡ. ಮೂವತ್ತೊಂದು ವರ್ಷದಲ್ಲಿ ಆ ತುಟಿಗೆ ಎದುರು ನಿಂತದ್ದು ಅದೇ ಮೊದಲು. ಎಂಥ ಸುಖ ಅದು! ಕತ್ತಲೆಯಲ್ಲಿ ಅವನಿಗೆ ಗೋಡೆಯ ಮೇಲೆ ತನ್ನ ಹೆಸರು ಹೊಳೆಯುವುದು ಕಾಣಿಸುತ್ತಿತ್ತು.

ಗಡಿಯಾರ ಕೀಚೆಂದಿತು.

"ಟೈಮ್ ಮುಗೀತು. ಗೆದ್ದೋರು ಮಾಂಗ್ ಸೆವೆರೊ," ಎಂದ ಕಾಸ್ತೊರ್, ಸತ್ತ ಸುದ್ದಿ ಹೇಳುವ ದನಿಯಲ್ಲಿ. ಸೆವೆರೊ ಎದ್ದು ಗೌಡೆನ್ಸಿಯೊನ ಹೆಗಲ ಮೇಲೆ ಕೈಯಿಟ್ಟು, ಮೂವತ್ತು ವರ್ಷ ಹೇಳಿ ಅಭ್ಯಾಸವಾದ ಮಾತನ್ನು ಹೇಳಿದರು. "ಎಲ್ಲಾ ಮುಗಿದುಹೋಯ್ತು, ಸಮಾಧಾನ ಮಾಡ್ಕೋಪ್ಪಾ."

ಅವನು ಕಣ್ಣು ಬಿಟ್ಟು ಗಡಿಯಾರದ ಸೊನ್ನೆಗಳನ್ನು ನೋಡಿದ. ನಲವತ್ತು ತುಟಿಗಳು ಒಟ್ಟಿಗೆ ತೆರೆದವು. "ಗುಂಡೀ! ಗುಂಡಿ ಒತ್ತೋ ಅಂತ ಅಲ್ವೇನಯ್ಯಾ ತೋರಿಸಿದ್ದು!"

"ಒಂದೇ ಒಂದು ಸಲ ಸರಿಯಾಗಿ ತೋರಿಸಿದ್ದೆ, ಆವತ್ತೇ ನಿನಗೆ ಗಂಡಸುತನ ಬರಬೇಕಾ?" ಎಂದಳು ಮಿಂದಾ. ಅವಳ ದನಿ ನಡುಗುತ್ತಿತ್ತು. ಅವನು ಗೆಲ್ಲಬೇಕೆಂದು ಅವಳಿಗೂ ಅಷ್ಟೇ ಆಸೆಯಿತ್ತು ಎಂದು ಅವನಿಗೆ ತಿಳಿದದ್ದು ಆಗಲೇ.

ಸೋತರೇನಂತೆ, ಎರಡನೆಯ ಸ್ಥಾನ! ಪ್ರಮಾಣಪತ್ರ! ಹೆಸರು ಬರುವುದು ಅದರ ಮೇಲೆಯೇ ತಾನೆ? ಗೌಡೆನ್ಸಿಯೊ ಕೂದಲು ನೇವರಿಸಿಕೊಂಡು ಮುಂದೆ ಹೋಗಿ ನಿಂತ. ಕಾಸ್ತೊರ್ ಬಾಸ್ಯಾಳ ಜೊತೆ, ಜೊವೆಲಿನ್‌ಳ ಜೊತೆ, ಪಾದ್ರಿಗಳ ಜೊತೆ ಏನೋ ಪಿಸುಮಾತಾಡಿ, ದಪ್ಪ ಪೆನ್ನಿನಿಂದ ನಿಧಾನವಾಗಿ ಬರೆದು, ಚಿನ್ನದ ಅಂಚಿನ ಕಾಗದವನ್ನು ಅವನ ಕೈಗಿಟ್ಟ. ಚಪ್ಪಾಳೆ ಬಿತ್ತು. ಗೌಡೆನ್ಸಿಯೊ ಓದಿದ.

ಮೇಲೆ ದೊಡ್ಡ ಅಕ್ಷರದಲ್ಲಿ: 'ದ್ವಿತೀಯ ಸ್ಥಾನ. ತುಟಿ: ಶ್ರೀಮತಿ ಲುಜ್ವಿಮಿಂದಾ ಪನಾಲಿಗನ್.' ಕೆಳಗೆ, ಜಾಗ ಸಾಲದೆ ಒತ್ತಿ ಬರೆದ ಅಕ್ಷರದಲ್ಲಿ: 'ಕೈ: ಗೌಡೆನ್ಸಿಯೊ.'

"ಇದೇನ್ ಕುಯಾ ಇದು? ಪೂರ್ತಿ ಹೆಸರು ಅಂದಿದ್ದೆ!"

"ಪೂರ್ತಿ ಬರೆದಿದೀನಲ್ಲ. ಅವರದು ಉದ್ದ ಜಾಸ್ತಿ ಆಯ್ತು."

"ಆದ್ರೆ ಕಡೇ ಆಟ ನನ್ನದು! ಪೂರಾ ನನ್ನ ಸ್ವಂತ ತಲೆ! ಎಲ್ಲರೂ ನೋಡಿದ್ರಲ್ಲ!"

"ನೋಡಿದ್ವಿ," ಎಂದ ಕಾಸ್ತೊರ್, ಪೆನ್ನಿನ ಮುಚ್ಚಳ ಹಾಕುತ್ತಾ. "ಅದೊಂದನ್ನೇ ಅಲ್ವಾ ನೀನು ಸೋತಿದ್ದು?"

ಮಾತು ಕೊಟ್ಟ ಪ್ರಕಾರ ಮಿಂದಾ ಮರುದಿನ ತಾನೇ ಮೊಳೆ ಹೊಡೆದಳು. ಅಂದಿನಿಂದ ಆ ಮನೆಗೆ ಯಾರೇ ಬರಲಿ, ಕಾಫಿ ಬರುವುದಕ್ಕೆ ಮುಂಚೆ ಗೌಡೆನ್ಸಿಯೊ ಎದ್ದು ಹೋಗಿ ಗೋಡೆಗೆ ಆನಿಕೊಂಡು ನಿಲ್ಲುತ್ತಾನೆ. ಹೆಗಲು ಚಿನ್ನದ ಅಂಚಿನ ಕಾಗದದ ಮೇಲಿನ ಸಾಲನ್ನು ಪೂರಾ ಮುಚ್ಚುವಂತೆ, ಕೆಳಗಿನ ಸಾಲಿನ ಕೊನೆಯ ಪದ ಮಾತ್ರ ಕಾಣುವಂತೆ. ಆ ಭಂಗಿಯನ್ನು ಅವನು ಒಂದು ವಾರ ಪಟ್ಟು ಹಿಡಿದು ಅಭ್ಯಾಸ ಮಾಡಿದ್ದಾನೆ. ನೋಡಿದವರು "ಓಹೋ, ಪ್ರಮಾಣಪತ್ರಾನಾ? ನಿಮಗಾ?" ಎನ್ನುತ್ತಾರೆ. ಅವನು ಹೌದೆಂದು ಹುಬ್ಬು ಹಾರಿಸಬೇಕು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಗಾಯನ ಮಂಡಳಿಯ ಕಂಠ ಕೇಳಿಸುತ್ತದೆ.

"ಡ್ಯಾಡಿ, ಒಂಚೂರು ಆಚೆ ಸರ್ಕೋ. ನನ್ನ ಹೆಸರು ಕಾಣಿಸ್ತಿಲ್ಲ ಅವರಿಗೆ."